ಈ ತಿಂಗಳು ನಮ್ಮಲ್ಲಿ

ನನ್ನನ್ನು ಯಾರೂ ಮನೆಯಿಂದ ಹೊರಗೆ ಹಾಕಲಿಲ್ಲ. ಸರ್ಕಾರಕ್ಕೂ ನನ್ನ ಮೇಲೆ ಹಗೆ ಇರಲಿಲ್ಲ. ಇಬ್ಬರು ಗಂಡುಮಕ್ಕಳ ಮನೆಯಲ್ಲೂ ಉಂಡೆ. ಹಾಗಾಗಿ ಯಾರ ಮನೆಯವಳೂ ಅಲ್ಲ ಅಂತ ಆಯಿತು. ನಡೆದದ್ದು ಇಷ್ಟೇ. ಊರವರು ಇದಕ್ಕೆ ಬಣ್ಣ ಹಚ್ಚುತ್ತಾರೆ. ಒಬ್ಬರು ಸೊಸೆಯರ ತಪ್ಪು ಅಂತಾರೆ, ಇನ್ನೊಬ್ಬರು ಕಲಿಗಾಲ ಅಂತಾರೆ. ಕಲಿಗಾಲವೂ ಇಲ್ಲ, ಮಣ್ಣೂ ಇಲ್ಲ.

ಮೊನ್ನೆ ರೇಷನ್ ಕಾರ್ಡು ಬಂತೇ ಎಂದು ಕೇಳಿ ಬರಲು ಜಗಳೂರಿಗೆ ಹೊರಟಿದ್ದೆ. ದಾರಿಯಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಹಿಂದಿನ ದಿನ ಮಳೆ ಬಿದ್ದು ಕಾಳು ನೆನೆದಿತ್ತು. ನೆನೆದ ಜೋಳಕ್ಕೆ ಬಿಸಿಲು ತಾಗಿದರೆ ಒಂದು ಹುಳಿ ವಾಸನೆ ಏಳುತ್ತದೆ, ಹಳಸಿದ ಅಂಬಲಿಯ ಹಾಗೆ. ಡ್ರೈವರ್ ಬೈಯುತ್ತಾ ಬಸ್ಸನ್ನು ಮಣ್ಣಿಗೆ ಇಳಿಸಿದ. ಜೋಳದವನು ಕೆಳಗಿನಿಂದ ತಿರುಗಿ ಬೈದ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ತಾನಾಗಿ ಹೊಟ್ಟೆಯ ಕೆಳಗೆ ಹೋಗಿ ಒತ್ತಿ ಹಿಡಿಯಿತು. ಮೈಗೆ ನೆನಪು ಬೇಗ ಬರುತ್ತದೆ. ಆ ವರ್ಷದ ಸುಗ್ಗಿಯಲ್ಲೂ ಇದೇ ವಾಸನೆ ಇತ್ತು.

ಅದನ್ನು ಹೇಳಬೇಕಾದರೆ ಮೊದಲು ಪಾಲಿನ ಮಾತು ಹೇಳಬೇಕು.

ನನ್ನ ಗಂಡ ತೀರಿಕೊಂಡ ಮೇಲೆ ಮಕ್ಕಳು ಬೇರೆಯಾದರು. ದೊಡ್ಡವನು ಬಸವರಾಜ ನಮ್ಮ ಊರಲ್ಲೇ ಉಳಿದ. ಜಗಳೂರು ತಾಲ್ಲೂಕಿನ ಊರು. ಜೋಳ, ಶೇಂಗಾ, ಕುರಿ, ಇಷ್ಟೇ ನಮ್ಮ ಬದುಕು. ಚಿಕ್ಕವನು ಮಂಜಪ್ಪ ಚನ್ನಗಿರಿ ಕಡೆ ನಲ್ಲೂರಿನಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಟ್ರ್ಯಾಕ್ಟರ್ ಓಡಿಸಲು ಹೋದವನು ಅಲ್ಲೇ ಬಾಡಿಗೆ ಮನೆ ಹಿಡಿದ. ಅವನ ಹೆಂಡತಿ ಸುಧಾ ಬಾಗಿಲಲ್ಲೇ ಸಣ್ಣ ಅಂಗಡಿ ಇಟ್ಟಳು. ಹಿರಿಯರು ಕೂತು ಪಾಲು ಮಾಡಿದ ದಿನ ಹೊಲ ಆಯಿತು, ಕುರಿ ಆಯಿತು, ಹಂಡೆ ಕೊಪ್ಪರಿಗೆ ಆಯಿತು. ಕೊನೆಗೆ ನಾನು ಉಳಿದೆ.

"ತಾಯಿನ ಯಾರು ಇಟ್ಕಂತೀರಪ್ಪಾ?" ಎಂದರು ಹಿರಿಯರು.

"ನಾನು," ಎಂದ ದೊಡ್ಡವನು.

"ಯಾಕೆ, ನಾನು ಮಗ ಅಲ್ಲೇನು?" ಎಂದ ಚಿಕ್ಕವನು.

ಇಬ್ಬರೂ ಜಗಳಕ್ಕೆ ನಿಂತರು. ಬೇರೆ ಊರುಗಳಲ್ಲಿ ತಾಯಿ ಬೇಡ ಎಂದು ಜಗಳ, ನಮ್ಮಲ್ಲಿ ಬೇಕು ಎಂದು ಜಗಳ. ಹಿರಿಯರು ನಕ್ಕು ತೀರ್ಮಾನ ಮಾಡಿದರು. "ಹಂಗಾದ್ರೆ ಅಮಾಸೆಯಿಂದ ಅಮಾಸೆಗೆ. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಯಾರ ತಿಂಗಳಾಗೆ ಕಾಯಿಲೆ ಕಸಾಲೆ ಬಂದ್ರೆ ಅದು ಅವರದು. ಯಾರ ತಿಂಗಳಾಗೆ ಕಣ್ಣು ಮುಚ್ಚಿದ್ರೆ ಮಣ್ಣು ಅವರದು." ಎಲ್ಲರೂ ಹೂಂ ಅಂದರು. ನಾನೂ ಹೂಂ ಅಂದೆ. ಆ ದಿನ ನನಗೆ ಜಂಬವೇ ಆಗಿತ್ತು.

ಜಂಬ ಇಳಿಯಲು ಬಹಳ ಕಾಲ ಹಿಡಿಯಲಿಲ್ಲ. ಅಮಾವಾಸ್ಯೆಗೆ ಮನೆ ಬದಲಾಗಬೇಕು, ನಮ್ಮ ದೊಡ್ಡ ಹಬ್ಬಗಳು ಬರುವುದೂ ಅಮಾವಾಸ್ಯೆಗೇ. ಹಿರಿಯರ ಹಬ್ಬಕ್ಕೆ ನಾನು ಬಸ್ಸಿನಲ್ಲಿ. ದೀಪಾವಳಿಗೆ ಬಸ್ಸಿನಲ್ಲಿ. ಇಲ್ಲಿ ಬೆಳಗಿನ ಪೂಜೆ ಮುಗಿಸಿ ಹೊರಟರೆ ಅಲ್ಲಿ ತಲುಪುವ ಹೊತ್ತಿಗೆ ಎಡೆ ತೆಗೆದಿರುತ್ತಿದ್ದರು. ಊರಿನಿಂದ ದಾವಣಗೆರೆ, ದಾವಣಗೆರೆಯಿಂದ ಚನ್ನಗಿರಿ, ಅಲ್ಲಿಂದ ನಲ್ಲೂರು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಹೋಗಿಬರುವುದು ಇನ್ನೂ ಸಲೀಸಾಯಿತು. ಆಧಾರ್ ತೋರಿಸಿದರೆ ಕಂಡಕ್ಟರ್ ಚೀಟಿ ಹರಿದು ಕೊಡುತ್ತಾನೆ. ಯಾರ ಮನೆಯವಳು, ಯಾರ ಅತ್ತೆ ಎಂದು ಅವನು ಕೇಳುವುದಿಲ್ಲ. ನನ್ನನ್ನು ಒಂದು ಪೂರ್ತಿ ಆಳು ಎಂದು ಲೆಕ್ಕಕ್ಕೆ ಹಿಡಿದ ಜಾಗ ಅಂದರೆ ಆ ಬಸ್ಸೇ.

ಆ ವರ್ಷ ಜೋಳ ಮುರಿಯುವ ಹೊತ್ತಿಗೆ ಮಳೆ ಹಿಡಿಯಿತು. ಬಿತ್ತಿದಾಗ ಬಾರದ ಮಳೆ. ಬಸವರಾಜ ಕಾಳನ್ನೆಲ್ಲ ರಸ್ತೆಗೆ ಹರವಿದ್ದ, ಊರಿನವರೆಲ್ಲ ಹರವಿದ್ದರು. ಮೋಡ ಕಂಡರೆ ಓಡಿಹೋಗಿ ಗುಡ್ಡೆ ಮಾಡಿ ತಾಡಪಾಲು ಹೊದಿಸುವುದು, ಬಿಸಿಲು ಬಂದರೆ ಮತ್ತೆ ಹರವುವುದು. ಕಾಳು ಮೊಳಕೆ ಬಂದರೆ ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ. ನಾನೂ ದೊಡ್ಡ ಸೊಸೆ ರತ್ನಮ್ಮನೂ ನೆನೆದ ಕಾಳನ್ನು ಬುಟ್ಟಿಯಲ್ಲಿ ತುಂಬಿ ಹೊತ್ತು ಹೊತ್ತು ಮನೆಯ ಜಗಲಿಗೆ ಹಾಕಿದೆವು. ಹಾಗೆ ಒಂದು ಬುಟ್ಟಿ ಎತ್ತುವಾಗ ಒಳಗಿನಿಂದ ಏನೋ ಜಾರಿ ಕೆಳಗೆ ಬಂದ ಹಾಗಾಯಿತು. ನೋವಿಲ್ಲ. ಆದರೆ ನಿಂತರೆ ಕೂತರೆ ಏನೋ ಅಡ್ಡ. ಹೆತ್ತವಳಿಗೆ ಏನಾಯಿತು ಎಂದು ಗೊತ್ತಾಗುತ್ತದೆ. ಗರ್ಭಕೋಶ ಇಳಿದಿತ್ತು.

ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳುವ ಮಾತಲ್ಲ. ರತ್ನಮ್ಮನಿಗೆ ಹೇಳಬಹುದಿತ್ತು. ಆದರೆ ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಇತ್ತು. ಈ ಮನೆಯ ತಿಂಗಳು ಮುಗಿಯುವಾಗ ಕಾಯಿಲೆ ಹೇಳಿದರೆ ಇವರ ಮೇಲೆ ಹೊರಿಸಿದ ಹಾಗೆ, ಹೇಳದೆ ಹೋದರೆ ಅವರ ಮೇಲೆ ಹೊರಿಸಿದ ಹಾಗೆ. ಬಟ್ಟೆಯ ಲಂಗೋಟಿ ಬಿಗಿದುಕೊಂಡು ಬಸ್ಸು ಹತ್ತಿದೆ. ಆ ಸಲ ದಾವಣಗೆರೆಯಿಂದ ಚನ್ನಗಿರಿವರೆಗೆ ಸೀಟಿದ್ದರೂ ನಿಂತುಕೊಂಡೇ ಹೋದೆ. ಪಕ್ಕದವರು "ಕುಂತ್ಕಳಜ್ಜಿ" ಅಂದರು. "ಕುಂತು ಕುಂತು ಸಾಕಾಗೈತೆ," ಅಂದೆ.

ನಲ್ಲೂರಿನಲ್ಲಿ ಅಡಿಕೆಯ ಕಾಲ. ಸುಲಿಯುವ ಮಷೀನು ಬಂದಿದ್ದರೂ ಮಷೀನು ಅರ್ಧಂಬರ್ಧ ಸುಲಿದು ಉಗುಳಿದ ಕಾಯಿಗಳನ್ನು ಕತ್ತಿಯಲ್ಲಿ ಬಿಡಿಸಲು ಹೆಂಗಸರೇ ಬೇಕು. ಮಂಜಪ್ಪನ ಯಜಮಾನರ ಕಣದಲ್ಲಿ ನಾನೂ ಹೋಗಿ ಕೂರುತ್ತಿದ್ದೆ. ಮನೆಯಲ್ಲಿ ಇದ್ದರೆ ಅಂಗಡಿಗೆ ಬಂದವರೆಲ್ಲ "ಯಾವಾಗ ಬಂದ್ರಿ, ಯಾವಾಗ ಹೋಗ್ತೀರಿ" ಎಂದು ಕೇಳುತ್ತಾರೆ. ಕಣದಲ್ಲಿ ಯಾರೂ ಕೇಳುವುದಿಲ್ಲ, ಕೈ ಮಾತ್ರ ನೋಡುತ್ತಾರೆ.

ಅಲ್ಲಿ ದುರ್ಗಮ್ಮ ಅಂತ ಒಬ್ಬಳು ಇದ್ದಳು. ನ್ಯಾಮತಿ ಕಡೆಯವಳು, ಗಂಡ ಇಲ್ಲ, ಮಕ್ಕಳಾಗಲಿಲ್ಲ, ಕೆರೆ ಏರಿಯ ಮೇಲಿನ ಒಂದು ತಗಡಿನ ಮನೆಯಲ್ಲಿ ಒಬ್ಬಳೇ. ಕಣದ ಹೆಂಗಸರೆಲ್ಲ ಅವಳನ್ನು ಕಂಡು ಪಾಪ ಅನ್ನುತ್ತಿದ್ದರು. ನಾನೂ ಅಂದಿದ್ದೆ.

"ಅಕ್ಕಾ, ಏನು ನೀನು ಒಂದು ಕುಂಡಿ ಎತ್ಕಂಡು ಕುಂದರ್ತೀಯಾ? ಮೂಲವ್ಯಾಧಿ ಏನು?" ಎಂದಳು ಒಂದು ದಿನ, ಎಲ್ಲರಿಗೂ ಕೇಳುವ ಹಾಗೆ.

"ನಿನ್ನ ಬಾಯಿಗೆ ಆಗೈತೆ ಮೂಲವ್ಯಾಧಿ."

ಅವಳು ನಕ್ಕಳು. ಊಟಕ್ಕೆ ಎದ್ದಾಗ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು. "ಇಳದೈತಾ?"

ಹೂಂ ಅಂದೆ. ಅಷ್ಟು ದಿನ ಬಾಯಿಗೆ ಬಾರದ್ದು ಅವಳು ಕೇಳಿದ್ದಕ್ಕೆ ಒಂದೇ ಉಸಿರಿಗೆ ಬಂತು.

"ನಂಗೂ ಇಳಿದಿತ್ತು. ರೇಷನ್ ಕಾರ್ಡು ಕೊಟ್ಟೆ, ಗರ್ಭಕೋಶ ತೆಗೆದು ಬಿಸಾಕಿದ್ರು. ಒಂದು ರೂಪಾಯಿ ಕೇಳಲಿಲ್ಲ. ನಾಳೆ ಬಾ, ಚನ್ನಗಿರಿ ಡಾಕ್ಟ್ರಮ್ಮನತ್ರ ಹೋಗಾನ."

ಡಾಕ್ಟರಮ್ಮ ನನ್ನ ಮೊಮ್ಮಗಳ ವಯಸ್ಸಿನವಳು. ನೋಡಿ ಕೈ ತೊಳೆದುಕೊಂಡು ಹೇಳಿದಳು. "ತೆಗೀಬೇಕು ಅಜ್ಜಿ. ನಿಮ್ಮ ಬಿಪಿ ಜಾಸ್ತಿ ಇದೆ, ಎದೆ ಬಡಿತವೂ ಸರಿ ಇಲ್ಲ, ಇಲ್ಲಿ ಬೇಡ. ದಾವಣಗೆರೆಗೆ ಬರೆದು ಕೊಡ್ತೀನಿ. ಅಲ್ಲೀವರೆಗೆ ಇದನ್ನ ಹಾಕಿರ್ತೀನಿ, ಭಾರ ಎತ್ತಬೇಡಿ." ಅವಳು ಹಾಕಿದ್ದು ರಬ್ಬರಿನ ಒಂದು ಬಳೆ, ಇಳಿದದ್ದನ್ನು ಒಳಗೇ ತಡೆದು ಹಿಡಿಯಲು. ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಂತೆ. ಗಂಡ ಸತ್ತ ದಿನ ಕೈಯಲ್ಲಿದ್ದ ಬಳೆಗಳನ್ನೆಲ್ಲ ಒಡೆದಿದ್ದರು. ಈಗ ಕಾಣದ ಜಾಗಕ್ಕೆ ಒಂದು ಬಳೆ ಬಂತು ಎಂದು ದುರ್ಗಮ್ಮನಿಗೆ ಹೇಳಿದರೆ ಅವಳು ಬಸ್ ಸ್ಟ್ಯಾಂಡಿನಲ್ಲಿ ನೆಲಕ್ಕೆ ಕೂತು ನಕ್ಕಳು.

ಮಂಜಪ್ಪನಿಗೆ ಸುಧಾಳ ಬಾಯಿಂದ ಹೇಳಿಸಿದೆ. ಅವನು ಮುಖ ಕೆಂಪು ಮಾಡಿಕೊಂಡು, ಬೇರೆ ಕಡೆ ನೋಡುತ್ತಾ, "ಹೋಗಾನ ಅವ್ವಾ" ಎಂದ. ಒಂದು ದಿನದ ಕೆಲಸ ಬಿಟ್ಟು ದಾವಣಗೆರೆಗೆ ಕರೆದುಕೊಂಡು ಹೋದ. ಆಸ್ಪತ್ರೆಯಲ್ಲಿ ಗಾಜಿನ ಹಿಂದೆ ಒಬ್ಬಳು ಹುಡುಗಿ ಕೂತಿದ್ದಳು.

"ರೇಷನ್ ಕಾರ್ಡು?"

"ಅಣ್ಣನ ಕಾರ್ಡಲ್ಲಿ ಹೆಸರು ಐತ್ರಿ," ಎಂದ ಮಂಜಪ್ಪ ಧೈರ್ಯವಾಗಿ.

ಹುಡುಗಿ ನನ್ನ ಆಧಾರ್ ನೋಡಿ ಏನೇನೋ ಒತ್ತಿದಳು, ಮತ್ತೆ ಒತ್ತಿದಳು. "ಇಲ್ವಲ್ಲ ಸರ್. ಇವರು ಯಾವ ಮನೆಗೂ ಸೇರಿಲ್ಲ ಅಂತ ತೋರಿಸ್ತಾ ಇದೆ."

ಅವಳು ಒಳ್ಳೆಯ ಹುಡುಗಿ. ಬೇರೆ ದಾರಿ ಹುಡುಕಿದಳು. "ಎಪ್ಪತ್ತು ದಾಟಿದ್ರೆ ರೇಷನ್ ಕಾರ್ಡ್ ಇಲ್ಲದಿದ್ರೂ ಆಗತ್ತೆ. ಅಜ್ಜಿ, ವಯಸ್ಸೆಷ್ಟು?"

"ನೋಡಿದ್ರೆ ಎಷ್ಟು ಅನ್ನಿಸ್ತೈತೆ?"

"ಒಂದು ಎಂಬತ್ತು."

"ಹಂಗೇ ಬರ್ಕಳವ್ವ."

"ಆಧಾರಲ್ಲಿ ಅರವತ್ನಾಲ್ಕು ಅಂತ ಇದೆಯಲ್ಲ."

ಆಧಾರ್ ಮಾಡಲು ಬಂದವನು ಹುಟ್ಟಿದ ವರ್ಷ ಕೇಳಿದಾಗ ದೊಡ್ಡ ಬರಕ್ಕೆ ಮುಂಚೆ ಅಂದಿದ್ದೆ. ಯಾವ ಬರ ಎಂದು ಅವನು ಕೇಳಲಿಲ್ಲ, ತನಗೆ ಗೊತ್ತಿದ್ದ ಬರ ಬರೆದುಕೊಂಡ. ಮುದುಕಿ ಆಗಲೂ ದಾಖಲೆ ಬೇಕು.

ಕಾರ್ಡು ಇಲ್ಲದವರಿಗೆ ಸರ್ಕಾರ ಸ್ವಲ್ಪ ಭಾಗ ಕೊಡುತ್ತದೆ, ಉಳಿದದ್ದು ನಾವೇ ನೋಡಿಕೊಳ್ಳಬೇಕು ಎಂದಳು. "ಕಟ್ಟಾನ ಬಿಡವ್ವ," ಎಂದ ಮಂಜಪ್ಪ. "ಯಾವುದ್ರಿಂದ?" ಎಂದೆ.

ಗಾಜಿನ ಎದುರಿಗೆ ಒಂದು ಬೆಂಚು. ಅದರ ಮೇಲೆ ನನ್ನಂಥವರೇ ಇದ್ದರು. ಕುರಿ ಹೊಡೆದುಕೊಂಡು ಊರೂರು ತಿರುಗುವ ಒಬ್ಬ. ತಿಂಗಳುಗಟ್ಟಲೆ ಊರಲ್ಲಿಲ್ಲದೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲಿಲ್ಲ, ಕಾರ್ಡಿನಿಂದ ಹೆಸರು ಹಾರಿಹೋಗಿತ್ತು. ಗಂಡನನ್ನು ಬಿಟ್ಟು ಬಂದ ಹೊನ್ನಾಳಿಯ ಒಬ್ಬ ಹುಡುಗಿ. ಅವಳ ಹೆಸರು ಇನ್ನೂ ಗಂಡನ ಕಾರ್ಡಿನಲ್ಲೇ ಇತ್ತು, ಕಾರ್ಡು ಗಂಡನ ಪೆಟ್ಟಿಗೆಯಲ್ಲಿ ಇತ್ತು. ಎಲ್ಲರಿಗೂ ಕಾರ್ಡು ಬಂದಿದೆ ಎಂದು ಊರೆಲ್ಲ ಗೋಡೆಗೆ ಬರೆದಿದ್ದಾರಲ್ಲ, ಆ ಎಲ್ಲರಲ್ಲಿ ಸೇರದವರು ಅಲ್ಲಿ ಒಂದು ಬೆಂಚಿನ ತುಂಬ ಇದ್ದೆವು. ಕುರಿಯವನು ಎಲೆಅಡಿಕೆ ಚೀಲ ನನ್ನ ಕಡೆ ಚಾಚಿದ. ಹಾಕಿಕೊಂಡೆ.

ಅವತ್ತು ಸಂಜೆ ನಲ್ಲೂರಿನ ಮನೆಯಲ್ಲಿ ಮಂಜಪ್ಪ ಅಣ್ಣನಿಗೆ ಫೋನು ಮಾಡಿದ. ಕೈಯಲ್ಲಿ ಗ್ರೀಸು ಅಂತ ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಇಟ್ಟಿದ್ದ.

"ಅಣ್ಣಾ, ಅವ್ವನ ಹೆಸರು ನಿನ್ನ ಕಾರ್ಡಲ್ಲಿ ಐತಲ್ಲ?"

"ನನ್ನ ಕಾರ್ಡಲ್ಲಿ ಎಲ್ಲೈತಪ್ಪಾ? ನಿಂದ್ರಾಗೆ ಹಾಕ್ಸಿದೀಯಲ್ಲ."

"ನಾನೆಲ್ಲಿ ಹಾಕ್ಸಿದೆ? ಹಳೇ ಕಾರ್ಡು ನಿನ್ನತ್ರನೇ ಇತ್ತು."

"ಅದು ಹೋಗಿ ಯಾವ ಕಾಲ ಆತು. ಪಾಲಾದ್ಮೇಲೆ ಹೊಸದು ಮಾಡ್ಸಿದಾಗ, ಮಂಜ ಹಾಕ್ಕಂತಾನೆ ಅಂತ ನಾನು ಬಿಟ್ಟೆ."

"ನೀನು ಹಾಕಿರ್ತೀಯ ಅಂತ ನಾನು ಬಿಟ್ಟೆ."

ಇಬ್ಬರೂ ಸುಳ್ಳು ಹೇಳಲಿಲ್ಲ. ಒಬ್ಬನು ತಮ್ಮನ ಮನಸ್ಸು ನೋಯಬಾರದು ಎಂದು ಬಿಟ್ಟ, ಇನ್ನೊಬ್ಬನು ಅಣ್ಣನನ್ನು ಮೀರಬಾರದು ಎಂದು ಬಿಟ್ಟ. ನನ್ನ ಪಾಲಿನ ಅಕ್ಕಿ ಬರುತ್ತಿಲ್ಲ ಎಂದು ಎರಡು ಮನೆಯಲ್ಲೂ ಯಾರಿಗೂ ಗೊತ್ತಾಗಲಿಲ್ಲ. ಮುದುಕಿ ತಿನ್ನುವುದೆಷ್ಟು.

"ಹಂಗಾರೆ ಈಗ ಹಾಕ್ಸು. ಅವ್ವ ನಿನ್ನತ್ರ ಅದಾಳಲ್ಲ," ಎಂದ ಬಸವರಾಜ.

"ಆಧಾರು ಊರಿಂದು. ಅಲ್ಲೇ ಹಾಕ್ಸಿದ್ರೆ ಸಲೀಸು. ಆಪರೇಷನ್ ಆದ್ಮೇಲೆ ಮೂರು ತಿಂಗಳು ಬಸ್ಸು ಹತ್ತಂಗಿಲ್ಲ, ಭಾರ ಎತ್ತಂಗಿಲ್ಲ ಅಂದಾರೆ. ಬಾಡಿಗೆ ಮನ್ಯಾಗೆ ಒಂದೇ ಕೋಣೆ..."

ಬಸವರಾಜ ಕೇಳಿದ. "ಮೂರು ತಿಂಗಳಾ? ಅದು ಯಾರ ತಿಂಗಳು ಆಗ್ತೈತೆ?"

ಸುಧಾ ಗಾಬರಿಯಾಗಿ ಗಂಡನಿಗೆ ಸನ್ನೆ ಮಾಡಿದಳು. "ಅತ್ತೆ ಇಲ್ಲೇ ಅದಾರೆ."

"ಅವನು ಕೇಳ್ಲಿ ಬಿಡು. ನನ್ನ ಸುದ್ದಿನೇ ಅಲ್ಲೇನು," ಎಂದೆ.

ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಬೋರಿನ ನೀರಿಗೆ ಪಾಳಿ, ಕುರಿ ಕಾಯಲು ಪಾಳಿ, ಹಾಗೇ ಬೆಳೆದವನು. ಪಾಳಿ ತಪ್ಪಿದರೆ ಜಗಳ ಆಗುತ್ತದೆ ಎಂದು ಅವನಿಗೆ ಹೇಳಿಕೊಟ್ಟವಳು ನಾನೇ. ಆದರೂ ಆ ರಾತ್ರಿ ನನ್ನ ತಟ್ಟೆಯ ರೊಟ್ಟಿಯನ್ನು ಮಡಚಿ ತಿರುಗಿ ಬುಟ್ಟಿಗೆ ಇಟ್ಟೆ.

ಮಾರನೆಯ ದಿನ ಕಣದಲ್ಲಿ ದುರ್ಗಮ್ಮನಿಗೆ ಹೇಳಿದೆ. ಅವಳು ಕತ್ತಿ ನಿಲ್ಲಿಸಲಿಲ್ಲ. "ನನ್ನ ಕಂಡು ಪಾಪ ಅಂತಿದ್ದೆಯಲ್ಲಕ್ಕಾ," ಎಂದಳು. "ಒಲೆ ನಂದು, ಕಾರ್ಡು ನಂದು. ನಿಂಗೆ ಎರಡು ಮನೆ, ನಂಗೆ ಒಂದು ತಗಡು. ನೋಡು ಈಗ."

ನಾನು ಇನ್ನೊಂದು ಕಾಯಿ ತೆಗೆದು ಕತ್ತಿಗೆ ಒತ್ತಿದೆ.

ದೀಪಾವಳಿ ಅಮಾವಾಸ್ಯೆ ಬಂತು. ಸುಧಾ ಒಂದು ಡಬ್ಬಿಗೆ ಕರಿಗಡುಬು ಹಾಕಿ ಕೊಟ್ಟಳು. ಅವಳು ತವರಿಗೆ, ಹೊನ್ನಾಳಿಗೆ, ಹೋಗುವವಳಿದ್ದಳು. ಬಸ್ಸಿನಲ್ಲಿ ನಾನೊಬ್ಬಳು, ಕಂಡಕ್ಟರ್ ಒಬ್ಬ, ಹಿಂದಿನ ಸೀಟಿನಲ್ಲಿ ಕುಡಿದು ಮಲಗಿದವನೊಬ್ಬ. ಊರೂರಲ್ಲೂ ಬಾಗಿಲಿಗೆ ಚೆಂಡುಹೂವು ಕಟ್ಟಿದ್ದರು. ದಾವಣಗೆರೆ ದಾಟಿದ ಮೇಲೆ ಬಯಲು. ಜೋಳ ಮುರಿದ ದಂಟು ಮಾತ್ರ ನಿಂತಿರುವ ಹೊಲಗಳು. ಒಂದು ಕರಿಗಡುಬು ತಿಂದೆ, ಒಂದನ್ನು ಕಂಡಕ್ಟರನಿಗೆ ಕೊಟ್ಟೆ. "ಯಾರ ಮನೇಗೆ ಹೋಗ್ತಿದೀಯಜ್ಜಿ, ಹಬ್ಬದ ದಿನ?" ಎಂದ. ಅವನೂ ಕೇಳಿಬಿಟ್ಟ. "ಮಗನ ಮನೆಗೆ," ಎಂದೆ. "ಬರ್ತಿರೋದು?" ಎಂದ. "ಮಗನ ಮನೆಯಿಂದ."

ಹಬ್ಬ ಮುಗಿದ ಮೇಲೆ ಒಂದು ಸಂಜೆ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದಳು. ಕಾರ್ಡು ಇಲ್ಲದವರು ಯಾರು ಎಂದು ಕೇಳಿಕೊಂಡು ಮನೆ ಮನೆ ತಿರುಗುತ್ತಿದ್ದಳು. ನಮ್ಮ ಬೀದಿಯ ಹುಡುಗಿಯೇ, ನನ್ನನ್ನು ದೊಡ್ಡವ್ವ ಅನ್ನುತ್ತಾಳೆ. ಜಗಲಿಯ ಮೇಲೆ ಕೂತು ರತ್ನಮ್ಮ ಕೊಟ್ಟ ಚಾ ಕುಡಿಯುತ್ತಾ ಕೇಳಿದಳು. "ಬಸಣ್ಣಾ, ದೊಡ್ಡವ್ವ ನಿಮ್ಮ ಮನೆಯವರೇ ಅಲ್ವಾ?"

ಬಸವರಾಜ ಕುರಿಗೆ ಸೊಪ್ಪು ಕಟ್ಟುತ್ತಿದ್ದ. ತಿರುಗಿ ಹೇಳಿದ. "ನಮ್ಮವ್ವ. ಈ ತಿಂಗಳು ನಮ್ಮಲ್ಲಿ ಅದಾಳೆ."

ಆ ಮಾತು ಮುಗಿದ ಮೇಲೂ ನನ್ನ ಕಿವಿಯಲ್ಲಿ ನಿಂತಿತು. ಬಾಡಿಗೆ ಎತ್ತಿನ ಬಗ್ಗೆ ಹಾಗೆ ಹೇಳುತ್ತಾರೆ. ಆದರೆ ಅವನು ಹೇಳಿದ್ದು ನಿಜ. ನಿಜಕ್ಕೆ ಸಿಟ್ಟು ಮಾಡಿಕೊಂಡು ಏನು ಮಾಡುವುದು.

"ನಿಮ್ಮ ಕಾರ್ಡಿಗೇ ಸೇರ್ಸಿರಿ," ಎಂದಳು ಹುಡುಗಿ. "ಆದ್ರೆ ಸೇರ್ಸಿದ್ಮೇಲೆ ದೊಡ್ಡವ್ವ ಇಲ್ಲೇ ಇರ್ಬೇಕು. ನೋಡಾಕೆ ಬಂದಾಗ ಅಲ್ಲಿ ಅದಾರೆ, ಇಲ್ಲಿ ಅದಾರೆ ಅಂದ್ರೆ ನಡಿಯಲ್ಲ."

ಬಸವರಾಜ ರತ್ನಮ್ಮನ ಮುಖ ನೋಡಿದ. ರತ್ನಮ್ಮ ಚಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

"ಹಿರಿಯರು ಕುಂತು ಮಾಡಿದ ಮಾತು," ಎಂದ ಬಸವರಾಜ. "ಅವ್ವನ ನಾನೊಬ್ನೇ ಇಟ್ಕಂಡ್ರೆ ಮಂಜ ಏನಂದ್ಕಂತಾನೆ? ಅವನನ್ನ ಕೇಳಾನ. ಮುಂದಿನ ಅಮಾಸೆಗೆ ಅವ್ವ ಹೋಗ್ತಾಳಲ್ಲ, ಆವಾಗ ಮಾತಾಡಾನ."

"ಹಂಗಾದ್ರೆ ಕಾಯ್ರಿ," ಎಂದು ಹುಡುಗಿ ಎದ್ದಳು. ಚಪ್ಪಲಿ ಮೆಟ್ಟುತ್ತಾ ತಮಾಷೆಗೆ ಅಂದಳು. "ಇಲ್ಲಾಂದ್ರೆ ಒಂದೇ ದಾರಿ ದೊಡ್ಡವ್ವ. ಒಬ್ಬರಿಗೇ ಕಾರ್ಡು ಮಾಡಾಕೆ ಬರ್ತೈತೆ. ಆದ್ರೆ ಒಲೆ ಬೇರೆ ಇರ್ಬೇಕು, ಬಂದು ನೋಡ್ತಾರೆ. ಅರ್ಜಿ ಯಾವಾಗ ತಗಂತಾರೋ, ಕಾರ್ಡು ಯಾವಾಗ ಬರ್ತೈತೋ ಅದೂ ಗೊತ್ತಿಲ್ಲ. ಬಿಡ್ರಿ, ಎದೆ ಎತ್ತರ ಇಬ್ಬರು ಗಂಡುಮಕ್ಕಳು ಇಟ್ಕಂಡು ಯಾರು ಒಲೆ ಬೇರೆ ಹೂಡ್ತಾರೆ?"

ಎಲ್ಲರೂ ನಕ್ಕರು. ನಮ್ಮ ಕಡೆ ತಾಯಿ ಬೇರೆ ಒಲೆ ಹೂಡಿದಳು ಅಂದರೆ ಮಕ್ಕಳ ಮಾನ ಮೂರು ಕಾಸಿಗೆ ಹೋಯಿತು ಅಂತ. ಹೆಣ್ಣು ಕೊಡುವವರು ಆ ಮನೆಯ ಕಡೆ ನೋಡುವುದಿಲ್ಲ. ಬಸವರಾಜನ ಮಗ ಮದುವೆ ವಯಸ್ಸಿಗೆ ಬಂದಿದ್ದ. ಅದು ನನಗೆ ಗೊತ್ತಿತ್ತು. ನನ್ನ ಮೈಯೂ ನನಗೆ ಗೊತ್ತಿತ್ತು. ಆ ರಬ್ಬರಿನ ಬಳೆ ಹಾಕಿಕೊಂಡು ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಷ್ಟು ಬಸ್ಸು ಹತ್ತಲಿ? ಹತ್ತುತ್ತಾ ಹತ್ತುತ್ತಾ ಯಾರದೋ ತಿಂಗಳಲ್ಲಿ ಬಿದ್ದುಹೋಗುತ್ತೇನೆ. ಆಗ ಅವನು ಮಣ್ಣು ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ.

ಉಂಡು ಮಲಗಿದೆ. ನಿದ್ದೆ ಬಂತು.

ಮರುದಿನ ಬೆಳಿಗ್ಗೆ ರತ್ನಮ್ಮ ಏಳುವ ಮೊದಲೇ ಎದ್ದು, ಹಿಂ‌ದೆ ಕುರಿಮರಿ ಕೂಡಿಹಾಕುತ್ತಿದ್ದ ಬೀದಿ ಕಡೆಯ ಕೋಣೆಯನ್ನು ಗುಡಿಸಿದೆ. ಹಿತ್ತಿಲಲ್ಲಿ ಮೂರು ಕಲ್ಲು ಆರಿಸಿದೆ. ಡಾಕ್ಟರಮ್ಮ ಭಾರ ಎತ್ತಬಾರದು ಅಂದಿದ್ದಳು; ಕಾಲಿನಲ್ಲಿ ಒಂದೊಂದಾಗಿ ಉರುಳಿಸಿಕೊಂಡು ಬಂದೆ. ಕಡ್ಡಿಪೆಟ್ಟಿಗೆಯನ್ನು ಮನೆಯಿಂದ ತೆಗೆದುಕೊಳ್ಳಲಿಲ್ಲ, ಮೂಲೆಯಂಗಡಿಯಿಂದ ತಂದೆ.

ಸದ್ದಿಗೆ ರತ್ನಮ್ಮ ಎದ್ದು ಬಂದಳು. "ಅತ್ತೆ, ಏನು ಮಾಡ್ತಿದೀರಿ? ಊರವರು ನೋಡಿದ್ರೆ ಏನಂತಾರೆ?"

"ಊರವರು ನೋಡಿದ್ರೇ ಸರ್ಕಾರದವರೂ ನೋಡ್ತಾರೆ. ಅತ್ತಾಗೆ ಸರಿ."

"ನಮ್ಮ ಮಾನ ತೆಗಿಬ್ಯಾಡ್ರಿ ಅತ್ತೆ."

"ನಿನ್ನ ಮಾನ ನಿನ್ನ ಒಲೆ ಮೇಲೆ ಐತೆ. ಹೋಗಿ ಚಾ ಕಾಸು, ನಿನ್ನ ಗಂಡ ಎದ್ದಾನೆ."

ಬಸವರಾಜ ಬಾಗಿಲಲ್ಲಿ ನಿಂತಿದ್ದ. ಕಲ್ಲು ನೋಡಿದ, ನನ್ನನ್ನು ನೋಡಿದ. ಒಂದು ಕಲ್ಲು ಅಲ್ಲಾಡುತ್ತಿತ್ತು. ಬಗ್ಗಿ ಅದರ ಕೆಳಗೆ ಒಂದು ಹೆಂಚಿನ ಚೂರು ಸಿಕ್ಕಿಸಿ, ಕುರಿ ಬಿಡಲು ಹೋದ.

ಕಾಳು ಬಿಡಿಸಿದ ಜೋಳದ ದಿಂಡುಗಳನ್ನು ಒಲೆಗೆ ಇಟ್ಟೆ. ಮಳೆಗೆ ನೆನೆದಿದ್ದವು, ಹತ್ತಲಿಲ್ಲ, ಬರೀ ಹೊಗೆ. ಊದಿದೆ. ಕಣ್ಣು ಉರಿದು ನೀರು ಬಂತು, ಅದು ಹೊಗೆಗೆ. ಒಂದು ಚಂಬು ನೀರು ಇಟ್ಟು, ಹೊಗೆ ಬೀದಿಯ ತುದಿಯವರೆಗೂ ಕಾಣಲಿ ಎಂದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ.